ಹುಡುಕಿ ಕೊಟ್ಟದ್ದಕ್ಕೆ ಎಷ್ಟಾಯ್ತು?

ಕಾರಿನ ಮುಂದಿನ ಚಕ್ರದ ಹತ್ತಿರ ‘ಟಕ್’ ಅಂತ ಸದ್ದು ಶುರುವಾದರೆ ನಮ್ಮಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಹಾಡಿನ ವಾಲ್ಯೂಮ್ ಏರಿಸುವುದು :-) ಸದ್ದು ಹಾಡನ್ನೂ ಮೀರಿಸತೊಡಗಿದ ಮೇಲೆ ಮಾಡುವ ಎರಡನೆಯ ಕೆಲಸ, ಗ್ಯಾರೇಜಿಗೆ ಹೋಗಿ “ಏನೋ ಸೌಂಡ್ ಬರ್ತಾ ಇದೆ, ಸ್ವಲ್ಪ ನೋಡಿ” ಅಂತ ಕೀ ಕೊಟ್ಟು ಬರುವುದು. ಸಂಜೆ ಹೋದರೆ ಕೈಗೊಂದು ಬಿಲ್ಲು. ಬಿಲ್ಲಿನಲ್ಲಿ ಎರಡು ಕಾಲಂ. ಒಂದು ಹಾಕಿದ ಸಾಮಾನಿನದ್ದು, ಇನ್ನೊಂದು ಹಾಕಿದ ಕೂಲಿಯದ್ದು. ಸದ್ದು ಎಲ್ಲಿಂದ ಬರುತ್ತಿತ್ತು, ಅದನ್ನು ಹೇಗೆ ಪತ್ತೆ ಮಾಡಿದರು ಅನ್ನುವುದಕ್ಕೆ ಮಾತ್ರ ಕಾಲಂ ಇಲ್ಲ.

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಆ ಮೂರನೆಯ ಕಾಲಂ ಬೇಕು. ಹುಡುಕುವುದಕ್ಕೆ ನಾವು ದುಡ್ಡು ಕೊಡಲು ಕಲಿಯಬೇಕು. ಕೊಡದಿದ್ದರೆ ಹುಡುಕುವವರು ಉಳಿಯುವುದಿಲ್ಲ, ಬದಲಾಯಿಸುವವರು ಮಾತ್ರ ಉಳಿಯುತ್ತಾರೆ.

ನಾನು ಮೆಕ್ಯಾನಿಕ್ ಅಲ್ಲ. ಇಂಜಿನಿಯರಿಂಗ್ ಓದಿದವನು ಹೌದು, ಆದರೆ ಹೊಟ್ಟೆಪಾಡು ಸಾಫ್ಟ್‌ವೇರಿನದ್ದು. ದಿನವಿಡೀ ಬಗ್ ಹುಡುಕುವುದೇ ಕೆಲಸ ಆದ್ದರಿಂದ ಬೇರೆಯವರು ಬಗ್ ಹುಡುಕುವುದನ್ನು ನೋಡುವುದರಲ್ಲಿ ನನಗೊಂದು ಖುಷಿ ಇದೆ. ಅಂಥ ಒಂದು ಖುಷಿ ಈಚೆಗೆ ಊರಲ್ಲಿ ಸಿಕ್ಕಿತು. ಅದನ್ನು ಹೇಳುವ ಮೊದಲು ಊರಿನ ರಸ್ತೆಯ ಬಗ್ಗೆ ಎರಡು ಮಾತು.

ಅಜೆಕಾರು ಗೊತ್ತಿಲ್ಲದವರಿಗೆ: ಕಾರ್ಕಳದಿಂದ ಹೆಬ್ರಿಯ ಕಡೆಗೆ ಹೊರಟರೆ ಎಣ್ಣೆಹೊಳೆ ದಾಟಿದ ಮೇಲೆ ಸಿಗುವ ಪುಟ್ಟ ಪೇಟೆ. ಮುಂದೆ ಮುನಿಯಾಲು, ಹೆಬ್ರಿ, ಸೋಮೇಶ್ವರ, ಆಮೇಲೆ 14 ತಿರುವುಗಳ ಆಗುಂಬೆ ಘಾಟಿ. ನಮ್ಮ ಕಡೆ ಮನೆಗಳು ಒಂದಕ್ಕೊಂದು ಅಂಟಿಕೊಂಡು ಇರುವುದಿಲ್ಲ ನೋಡಿ. ಗುಡ್ಡೆಯ ಬುಡದಲ್ಲಿ ಒಂದು, ತೋಟದ ಕರೆಯಲ್ಲಿ ಒಂದು. ಹಾಗಾಗಿ ಡಾಮರು ರಸ್ತೆ ಎಷ್ಟೇ ಚೆನ್ನಾಗಿದ್ದರೂ ಮನೆ ಅಂಗಳ ಮುಟ್ಟಬೇಕಾದರೆ ಕೊನೆಯ ಅರ್ಧ ಕಿಲೋಮೀಟರು ಮುರಕಲ್ಲಿನ ಮಣ್ಣು ದಾರಿ. ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋಗಿ ಕಲ್ಲು ಮೇಲೆ ಬರುತ್ತದೆ. ಕಾರ್ಕಳದ ಕಡೆ ವರ್ಷಕ್ಕೆ 4 ಸಾವಿರ ಮಿಲಿಮೀಟರು ಮಳೆ ದಾಟುವುದೇನೂ ಹೊಸತಲ್ಲ, ಆಗುಂಬೆಯಲ್ಲಂತೂ ಅದರ ಲೆಕ್ಕವೇ ಬೇರೆ.

ಇಲ್ಲೊಂದು ಸೂಕ್ಷ್ಮ ಇದೆ. ಬೆಂಗಳೂರಿನ ಹಂಪ್ ಹತ್ತುವಾಗ ಮುಂದಿನ ಎರಡೂ ಚಕ್ರ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ನಮ್ಮ ಮಣ್ಣು ದಾರಿಯಲ್ಲಿ ಹಾಗಲ್ಲ. ಎಡಚಕ್ರ ಕಲ್ಲಿನ ಮೇಲೆ, ಬಲಚಕ್ರ ಹೊಂಡದಲ್ಲಿ. ಮರುಕ್ಷಣ ಉಲ್ಟಾ. ಕಾರು ಓಡುವುದಕ್ಕಿಂತ ಓಲಾಡುವುದೇ ಹೆಚ್ಚು. ಒಂದೇ ಕಂಪನಿಯ ಒಂದೇ ಮಾಡೆಲ್ಲಿನ ಕಾರು ಎರಡು ಊರಲ್ಲಿ ಎರಡು ಥರ ಸವೆಯುವುದಕ್ಕೆ ಇದೇ ಕಾರಣ.

ಇನ್ನು ಕಾರಿನ ಕೆಳಗಿನ ಸಂಗತಿ. ಇವತ್ತು ನಮ್ಮ ರಸ್ತೆಯ ಸಣ್ಣ ಕಾರುಗಳಲ್ಲಿ ಬಹುಪಾಲು ಎಲ್ಲದಕ್ಕೂ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಇಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ್ದು. 1950ರ ಹೊತ್ತಿಗೆ ಇಂಗ್ಲೆಂಡಿನ ಫೋರ್ಡ್ ಕಾರುಗಳಲ್ಲಿ ಬಂತು, ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಜೊತೆ ಮನೆಮಾತಾಯಿತು. ಅದಕ್ಕೂ ಮೊದಲಿನ ಅಂಬಾಸಿಡರಿನ ಮುಂಭಾಗಕ್ಕೆ ಟಾರ್ಷನ್ ಬಾರ್, ಜೀಪಿಗೆ ಪಟ್ಟಿ ಸ್ಪ್ರಿಂಗು. ಮ್ಯಾಕ್‌ಫರ್ಸನ್ನನ ಉಪಾಯ ಸರಳ. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡನ್ನೂ ಸೇರಿಸಿ ಒಂದೇ ಕಂಬ ಮಾಡಿದ. ಕಂಬದ ತಲೆ ಬಾಡಿಗೆ ರಬ್ಬರಿನ ಮೌಂಟಿಂಗ್ ಮೂಲಕ ಸೇರಿಕೊಳ್ಳುತ್ತದೆ. ಬುಡವನ್ನು ಒಂದು ಲೋವರ್ ಆರ್ಮ್ ಹಿಡಿದಿರುತ್ತದೆ. ಆರ್ಮಿನ ಹೊರತುದಿಯಲ್ಲಿ ಬಾಲ್ ಜಾಯಿಂಟ್, ಒಳತುದಿಯಲ್ಲಿ ರಬ್ಬರ್ ಬುಷ್. ಎಡಬಲ ಚಕ್ರಗಳ ನಡುವೆ ಒಂದು ಅಡ್ಡ ಸರಳು, ಅದೇ ಸ್ಟೆಬಿಲೈಸರ್ ಬಾರ್. ಸ್ಟೀರಿಂಗಿನಿಂದ ಬರುವ ಟೈ ರಾಡು ಬೇರೆ. ಲೆಕ್ಕ ಹಾಕಿ, ಒಂದೊಂದು ಬದಿಗೆ ಆರೇಳು ಕೀಲು. ಯಾವುದರಲ್ಲಿ ಕೂದಲೆಳೆಯಷ್ಟು ಸಂದಿ ಬಿದ್ದರೂ ಸದ್ದು ಒಂದೇ: ಟಕ್.

ಕಷ್ಟ ಇರುವುದು ಇಲ್ಲೇ. ಆರೇಳು ಕಾರಣ, ಒಂದು ಲಕ್ಷಣ. ಅದೂ ಸಾಲದು ಅಂತ ಸದ್ದು ತಗಡಿನ ಬಾಡಿಯಲ್ಲಿ ಓಡಾಡುತ್ತದೆ. ಎಡಗಡೆ ಹುಟ್ಟಿದ್ದು ಬಲಗಡೆ ಕೇಳುತ್ತದೆ.

ಅಜೆಕಾರಿನಲ್ಲಿರುವ ನನ್ನ ಮಾವನ (ಅಮ್ಮನ ಅಣ್ಣ, ನಿವೃತ್ತ ಮೇಷ್ಟ್ರು) ಹಳೇ ಆಲ್ಟೋಗೆ ಈ ಸದ್ದು ಬಂತು. ಪೇಟೆಯ ಒಂದು ವರ್ಕ್‌ಶಾಪಿಗೆ ಒಯ್ದರು. ಅಲ್ಲಿನ ಹುಡುಗ ಕಾರನ್ನು ಲಿಫ್ಟಿನ ಮೇಲೆ ಎತ್ತಿ, ಟಾರ್ಚ್ ಬಿಟ್ಟು, ಹತ್ತು ನಿಮಿಷದಲ್ಲಿ ಚೀಟಿ ಬರೆದ. ಎರಡೂ ಸ್ಟ್ರಟ್, ಎರಡೂ ಮೌಂಟಿಂಗ್, ಎರಡೂ ಲೋವರ್ ಆರ್ಮ್, ಅಲೈನ್‌ಮೆಂಟ್. ಒಟ್ಟು 14 ಸಾವಿರದ ಹತ್ತಿರ. ಮಾವ “ಇವುಗಳಲ್ಲಿ ಸದ್ದು ಮಾಡ್ತಾ ಇರುವುದು ಯಾವುದು?” ಅಂತ ಕೇಳಿದರಂತೆ. “ಎಲ್ಲಾ ಹಾಕಿದ್ರೆ ಹೋಗ್ತದೆ ಸರ್” ಅಂತ ಉತ್ತರ ಬಂತಂತೆ.

ಆ ಉತ್ತರ ಸುಳ್ಳಲ್ಲ. ಎಲ್ಲ ಹಾಕಿದರೆ ಬಹುಶಃ ಹೋಗುತ್ತದೆ. ಕಂಪ್ಯೂಟರ್ ಹ್ಯಾಂಗ್ ಆದರೆ ಫಾರ್ಮ್ಯಾಟ್ ಮಾಡಿದ ಹಾಗೆ.

ಮಾವ ಚೀಟಿ ಹಿಡಿದುಕೊಂಡು ಊರಿನ ಹಳೇ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದರು. ನಾನೂ ಜೊತೆಗಿದ್ದೆ. ಶೀಟಿನ ಮಾಡು, ನೆಲವೆಲ್ಲ ಆಯಿಲ್, ಲಿಫ್ಟು ಗಿಫ್ಟು ಎಂಥದೂ ಇಲ್ಲ. ಮಾವ “ಬಲಗಡೆ ಚಕ್ರದ ಹತ್ತಿರ ಸೌಂಡ್ ಬರ್ತದೆ” ಅಂತ ಶುರು ಮಾಡುತ್ತಿದ್ದ ಹಾಗೆ ಅವರು ಕೈ ಅಡ್ಡ ಹಿಡಿದರು. “ಎಲ್ಲಿಂದ ಅಂತ ಹೇಳ್ಬೇಡಿ ಮಾಸ್ಟ್ರೇ. ಯಾವಾಗ ಬರ್ತದೆ ಅಂತ ಹೇಳಿ.”

ನನಗೆ ರೋಮಾಂಚನ ಆದದ್ದು ಆಗ. ನಮ್ಮ ಆಫೀಸಿನಲ್ಲಿ ಹೊಸಬರಿಗೆ ಇದನ್ನು ಕಲಿಸಲು ಆರು ತಿಂಗಳು ಬೇಕಾಗುತ್ತದೆ. ಬಗ್ ಎಲ್ಲಿದೆ ಅಂತ ಊಹಿಸಬೇಡ, ಯಾವಾಗ ಬರುತ್ತದೆ ಅಂತ ಮೊದಲು ಗೊತ್ತುಮಾಡಿಕೋ. ಅದನ್ನು ಬೇಕೆಂದಾಗ ಬರಿಸಲು ಸಾಧ್ಯವಾದರೆ ಅರ್ಧ ಕೆಲಸ ಮುಗಿದ ಹಾಗೆ.

ಅವರು ಕೇಳಿದ ಪ್ರಶ್ನೆಗಳು: ಮನೆ ದಾರಿಯಲ್ಲಿ ಬರ್ತದೋ, ರೋಡಿನಲ್ಲೋ? ಹಂಪ್ ಸಮಾ ನೇರ ಹತ್ತಿದರೆ ಬರ್ತದೋ, ಒಂದು ಚಕ್ರ ಮಾತ್ರ ಹತ್ತಿದರೋ? ಬ್ರೇಕ್ ಹಿಡಿಯುವಾಗ? ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ? ಆಮೇಲೆ “ಒಮ್ಮೆ ಹೋಗಿ ಬರುವ” ಅಂತ ಮುಂದಿನ ಸೀಟಿನಲ್ಲಿ ಕೂತರು. ಮೊದಲು ಡಿಕ್ಕಿ ತೆಗೆಸಿ ಜಾಕಿ, ಟಾಮಿ, ಸ್ಟೆಪ್ನಿ ಎಲ್ಲ ಇಳಿಸಿದರು. ಎಷ್ಟೋ ಸಲ ಟಕ್ ಅನ್ನುವುದು ಸಡಿಲ ಜಾಕಿಯಂತೆ! ನಾಲ್ಕೂ ಚಕ್ರದ ನಟ್ಟು ಬಿಗಿ ಇದೆಯಾ ಅಂತ ಪಾನ ಹಾಕಿ ನೋಡಿದರು. ದಾರಿಯಲ್ಲಿ ಮಾವನಿಗೆ ಏನೋ ಹೊಳೆದು “ಶಾಕ್ ಅಬ್ಸಾರ್ಬರ್ರೇ ಇರ್ಬೇಕು” ಅಂದರೆ ಅವರದ್ದು ತುಳುವಿನಲ್ಲಿ ಒಂದೇ ಮಾತು, “ಅವು ಅತ್ತ್.” ಅಂದರೆ, ಅದಲ್ಲ.

ನೇರ ಹಂಪ್ ಹತ್ತಿದಾಗ ಸದ್ದಿಲ್ಲ. ಹಂಪಿನ ಅಂಚಿನಲ್ಲಿ ಒಂದೇ ಚಕ್ರ ಹತ್ತಿಸಿದಾಗ ಟಕ್. ಎರಡೂ ಚಕ್ರ ಒಟ್ಟಿಗೆ ಏರಿದರೆ ಸ್ಟೆಬಿಲೈಸರ್ ಬಾರಿಗೆ ತಿರುಚಿಕೊಳ್ಳುವ ಕೆಲಸವೇ ಇಲ್ಲ. ಒಂದು ಏರಿ ಇನ್ನೊಂದು ಇಳಿದಾಗಲೇ ಅದು ತಿರುಚಿಕೊಳ್ಳುವುದು. ಇನ್ನೂ ಒಂದು ಸುಳಿವು ಇತ್ತು. ನಿಧಾನಕ್ಕೆ ಹೋಗುವಾಗ ಗಬಕ್ಕನೆ ಬ್ರೇಕ್ ಒತ್ತಿದರೂ ಒಂದು ಟಕ್. ಬೇರೆ ಕಾರಾಗಿದ್ದರೆ ಇವೆರಡು ಬೇರೆ ಬೇರೆ ಕೀಲಿನ ಸದ್ದು ಅಂತ ತಿಳಿಯಬಹುದಿತ್ತು. ಆದರೆ ಮಾರುತಿ 800, ಹಳೇ ಆಲ್ಟೋಗಳಲ್ಲಿ ಸ್ಟೆಬಿಲೈಸರ್ ಬಾರಿಗೆ ಎರಡು ಉದ್ಯೋಗ. ಅದರ ತುದಿ ನೇರವಾಗಿ ಲೋವರ್ ಆರ್ಮಿನೊಳಗೆ ತೂರಿಕೊಂಡಿರುತ್ತದೆ. ಕಾರು ವಾಲದಂತೆ ತಡೆಯುವುದೂ ಅದೇ, ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಸರಿಯದಂತೆ ಹಿಡಿಯುವುದೂ ಅದೇ. ಎರಡು ಲಕ್ಷಣ, ಒಂದೇ ಸರಳು. ವಾಪಸು ಬಂದು ಕೆಳಗೆ ನುಗ್ಗಿ ಬಾರಿನ ಬುಷ್ ಬೆರಳಲ್ಲಿ ಮುಟ್ಟಿದರು. ರಬ್ಬರು ಸವೆದು ಬಳೆಯ ಹಾಗೆ ಆಗಿತ್ತು.

ಬುಷ್ಷುಗಳಿಗೆ 400 ಚಿಲ್ಲರೆ, ಕೂಲಿ 300. ಸದ್ದು ಹೋಯಿತು. ಸ್ಟ್ರಟ್ಟು, ಆರ್ಮು ಎಲ್ಲ ಇನ್ನೂ ಗಟ್ಟಿಯಾಗಿಯೇ ಇದ್ದವು.

ಇಲ್ಲಿಗೆ ನಿಲ್ಲಿಸಿದರೆ “ಹಳ್ಳಿ ಮೆಕ್ಯಾನಿಕ್ ಜಾಣ, ಪೇಟೆಯವರು ಕಳ್ಳರು” ಎಂಬ ಫಾರ್ವರ್ಡ್ ಮೆಸೇಜ್ ಆಗುತ್ತದೆ. ನನ್ನ ಮಾತು ಅದಲ್ಲ. ಹಳೇ ಟಯರಿನ ರಬ್ಬರು ಕತ್ತರಿಸಿ ಬುಷ್ ಮಾಡಿ ತುರುಕುವವರೂ, ಬಾಲ್ ಜಾಯಿಂಟಿಗೆ ಸುತ್ತಿಗೆಯಿಂದ ಎರಡು ಬಾರಿಸಿ ಸರಿ ಮಾಡುವವರೂ ನಮ್ಮೂರುಗಳಲ್ಲೇ ಇದ್ದಾರೆ. ನನಗೆ ತಲೆ ಕೆಡಿಸಿದ್ದು ಆಮೇಲಿನ ಮಾತು. ಮಾವ “ಒಂದೂವರೆ ಗಂಟೆ ಹುಡುಕಿದಿರಲ್ಲ, ಅದಕ್ಕೆಷ್ಟು?” ಅಂತ ಕೇಳಿದರು. ಅವರು ನಕ್ಕರು. “ನೋಡಿದ್ದಕ್ಕೆ ಎಂಥ ದುಡ್ಡು ಮಾಸ್ಟ್ರೇ?”

ನಮ್ಮ ವೃತ್ತಿಯಲ್ಲಿ ಒಂದು ಬಗ್ ಹುಡುಕಲು ನಾಲ್ಕು ದಿನ, ಸರಿಮಾಡಲು ಒಂದು ಸಾಲು ಕೋಡ್ ಅನ್ನುವುದು ಮಾಮೂಲು. ಒಂದೇ ಸಾಲು ಬರೆದೆಯಲ್ಲ, ಒಂದೇ ಸಾಲಿನ ಸಂಬಳ ತಗೋ ಅಂತ ಯಾವ ಮ್ಯಾನೇಜರೂ ಹೇಳುವುದಿಲ್ಲ. ಮಣಿಪಾಲಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದರೆ ಮೊದಲು ಚೀಟಿ ಮಾಡಿಸುತ್ತೇವೆ, ಫೀಸು ಕಟ್ಟುತ್ತೇವೆ. ಡಾಕ್ಟರು “ಏನೂ ಇಲ್ಲ, ಆರಾಮಾಗಿದ್ದೀರಿ” ಅಂದರೆ ದುಡ್ಡು ವಾಪಸು ಕೇಳುವುದಿಲ್ಲ, ಇನ್ನೂ ಖುಷಿಯಾಗಿ ಬರುತ್ತೇವೆ. ಕಾರಿನ ಡಾಕ್ಟರಿಗೆ ಮಾತ್ರ ಮಾತ್ರೆಯ ದುಡ್ಡು ಕೊಡುತ್ತೇವೆ, ನಾಡಿ ಹಿಡಿದದ್ದಕ್ಕೆ ಕೊಡುವುದಿಲ್ಲ. ಹೀಗಿದ್ದರೆ ಯಾರು ತಾನೇ ನಾಡಿ ಹಿಡಿಯುತ್ತಾರೆ? ಎಲ್ಲರೂ ಮಾತ್ರೆ ಬರೆಯುತ್ತಾರೆ. ಚೀಟಿ ಬರೆದ ಆ ಹುಡುಗನ ತಪ್ಪು ಇದರಲ್ಲಿ ಕಮ್ಮಿ. ಒಂದೂವರೆ ಗಂಟೆ ಹುಡುಕಿ 700 ರೂಪಾಯಿ ಬಿಲ್ ಮಾಡಿದರೆ ಅವನ ಲಿಫ್ಟಿನ ಬಾಡಿಗೆಯೂ ಹುಟ್ಟುವುದಿಲ್ಲ. ಅವನಿಗೆ ನಾವು ಇಟ್ಟಿರುವ ಪರೀಕ್ಷೆಯೇ ಹಾಗಿದೆ.

ಇದು ಬರೀ ದುಡ್ಡಿನ ವಿಷಯ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಟಕ್ ಸದ್ದಿನಲ್ಲಿ ಎರಡು ಜಾತಿ. ಕಾಯಬಲ್ಲ ಸದ್ದು, ಕಾಯಲಾಗದ ಸದ್ದು. ಸ್ಟೆಬಿಲೈಸರ್ ಬಾರ್ ಮತ್ತು ಬಾಡಿಯ ನಡುವಿನ ಬುಷ್, ಈಚಿನ ಕಾರುಗಳ ಲಿಂಕ್ ರಾಡ್ - ಇವು ಕಿರಿಕಿರಿ ಮಾಡುತ್ತವೆ, ಬೇಗ ಸರಿ ಮಾಡಿಸಬೇಕು ನಿಜ, ಆದರೆ ಇವತ್ತೇ ಪ್ರಾಣ ತೆಗೆಯುವುದಿಲ್ಲ. ಸಡಿಲವಾದ ಚಕ್ರದ ನಟ್ಟು, ಟೈ ರಾಡ್ ಎಂಡ್, ಬಾಲ್ ಜಾಯಿಂಟ್ ಹಾಗಲ್ಲ. ಬಾಲ್ ಜಾಯಿಂಟಿಗೆ ರಬ್ಬರಿನ ಟೋಪಿ ಇರುತ್ತದೆ. ಅದು ಹರಿದರೆ ಮಳೆಗಾಲದ ಕೆಸರು ನೀರು ಒಳಹೊಕ್ಕು ಗ್ರೀಸು ತೊಳೆದುಹೋಗಿ, ಮರಳು ಅರೆದು, ಗುಂಡು ಗೂಡಿನಿಂದ ಹಾರುವಷ್ಟು ಸಡಿಲವಾಗುತ್ತದೆ. ಹಾರಿದರೆ ಚಕ್ರ ಹೊರಮಡಚಿ ಕಾರು ಕೂತುಬಿಡುತ್ತದೆ. ಅಂಗಳದಲ್ಲಿ ಆದರೆ ಪುಣ್ಯ. ಆಗುಂಬೆ ತಿರುವಿನಲ್ಲಿ ಎದುರಿಂದ ಬಸ್ಸು ಬರುವಾಗ ಆದರೆ?

ಹುಡುಕದೆ ಬದಲಾಯಿಸಿದರೆ ನಿಮ್ಮದು ಯಾವ ಜಾತಿಯ ಸದ್ದು ಅಂತ ಗೊತ್ತೇ ಆಗುವುದಿಲ್ಲ. 8 ಸಾವಿರ ಖರ್ಚು ಮಾಡಿ ಸ್ಟ್ರಟ್ ಹಾಕಿಸಿದ ಮೇಲೂ ಸದ್ದು ಸ್ವಲ್ಪ ಉಳಿದಿದೆ ಅನ್ನಿ. “ಹೊಸತು ಹಾಕಿಸಿದ್ದೇನಲ್ಲ, ಸೆಟ್ ಆಗ್ತದೆ” ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ. ಸಡಿಲ ಬಾಲ್ ಜಾಯಿಂಟು ಅಲ್ಲೇ ಇರುತ್ತದೆ. ನನಗೆ ಭಯ ಇರುವುದು ಈ ಸುಳ್ಳು ಸಮಾಧಾನದ ಬಗ್ಗೆ.

ಸ್ಕ್ಯಾನರ್ ಇದೆಯಲ್ಲ ಅಂತ ಕೇಳಬಹುದು. 2010ರ ನಂತರ ಬಂದ ಕಾರುಗಳಿಗೆ ಸ್ಕ್ಯಾನರ್ ಚುಚ್ಚಿದರೆ ಎಂಜಿನ್ನಿನ ಕಷ್ಟವನ್ನು ಅದೇ ಹೇಳಿಕೊಳ್ಳುತ್ತದೆ. ಆದರೆ ರಬ್ಬರು ಬುಷ್ಷಿಗೆ ಸೆನ್ಸರ್ ಇಲ್ಲ. ಲಾಗ್ ಫೈಲ್ ಇಲ್ಲದ ಬಗ್ ಇದು. ಕಿವಿ, ಕೈ, ತಲೆ - ಇವಿಷ್ಟೇ ಉಪಕರಣ.

ಹಳೇ ಕಾರುಗಳಲ್ಲಿ ಒಂದು ಒಳ್ಳೆಯ ಪದ್ಧತಿ ತಾನಾಗಿಯೇ ನಡೆಯುತ್ತಿತ್ತು. ಅಂಬಾಸಿಡರಿನ ಮುಂದಿನ ಕೀಲುಗಳಿಗೆ ಗ್ರೀಸ್ ನಿಪ್ಪಲ್ ಇರುತ್ತಿತ್ತು. ಆಗಾಗ ಗ್ರೀಸ್ ಗನ್ ಹಿಡಿದು ಕೆಳಗೆ ಹೋಗಲೇಬೇಕು. ಹೋದವನ ಕೈ ಒಂದೊಂದು ಕೀಲನ್ನೂ ಮುಟ್ಟುತ್ತಿತ್ತು. ಆಟ ಬಿದ್ದಿದ್ದರೆ ಸದ್ದು ಬರುವ ಮೊದಲೇ ಕೈಗೆ ಗೊತ್ತಾಗುತ್ತಿತ್ತು. ಗ್ರೀಸಿನ ನೆಪದಲ್ಲಿ ಪುಕ್ಕಟೆ ತಪಾಸಣೆ! ಈಗಿನ ಕೀಲುಗಳು ಫ್ಯಾಕ್ಟರಿಯಲ್ಲೇ ಸೀಲ್ ಆಗಿ ಬರುತ್ತವೆ. ಒಳ್ಳೆಯದೇ, ಆದರೆ ಅವನ್ನು ಯಾರೂ ಮುಟ್ಟುವುದಿಲ್ಲ. ಅಂಬಾಸಿಡರ್ 2014ರಲ್ಲಿ ನಿಂತುಹೋಯಿತು. ಅದೇ ವರ್ಷ ಮಾರುತಿ 800 ಕೂಡ. ಮುಟ್ಟಿ ನೋಡುವ ಅಭ್ಯಾಸವೂ ಅವುಗಳ ಹಿಂದೆಯೇ ಹೊರಟಿದೆ.

ಇಷ್ಟು ಹೇಳಿ, ನೀವೇ ಮಾಡಬಹುದಾದ ಕೆಲಸ ಹೇಳದಿದ್ದರೆ ತಪ್ಪಾಗುತ್ತದೆ. ಗ್ಯಾರೇಜಿಗೆ ಹೋಗುವ ಮೊದಲು ಒಂದು ಕಾಗದದಲ್ಲಿ ಬರೆದುಕೊಳ್ಳಿ:

1. ಡಿಕ್ಕಿ ಖಾಲಿ ಮಾಡಿ, ಚಕ್ರದ ನಟ್ಟು ಬಿಗಿ ನೋಡಿ, ಮತ್ತೆ ಓಡಿಸಿ. ಸದ್ದು ಹೋದರೆ ಚಹಾ ಕುಡಿಯಿರಿ.

2. ನೇರ ಹಂಪಿನಲ್ಲಿ ಇಲ್ಲ, ಒಂದೇ ಚಕ್ರ ಹತ್ತಿದಾಗ ಇದೆ ಅಂದರೆ ಮೊದಲ ಅನುಮಾನ ಸ್ಟೆಬಿಲೈಸರ್ ಬಾರ್ ಮತ್ತು ಅದರ ಲಿಂಕುಗಳ ಮೇಲೆ.

3. ಕೆಟ್ಟ ರಸ್ತೆಯಲ್ಲಿ ನಿಧಾನ ಹೋಗುತ್ತಾ ಬ್ರೇಕನ್ನು ತುಸುವೇ ಒತ್ತಿ ಹಿಡಿಯಿರಿ. ಸದ್ದು ನಿಂತರೆ ಬ್ರೇಕಿನ ಪ್ಯಾಡು, ಕ್ಯಾಲಿಪರ್ ಸಡಿಲ ಇರಬಹುದು. ಬದಲಿಗೆ ಬ್ರೇಕ್ ಹಿಡಿಯುವಾಗಲೇ ಒಂದು ಟಕ್ ಬಂದರೆ ಲೋವರ್ ಆರ್ಮ್ ಬುಷ್ ನೋಡಿಸಿ.

4. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗು ಜಿಗಿದ ಹಾಗೆ ‘ಟಣ್’ ಅಂದರೆ ಸ್ಟ್ರಟ್ಟಿನ ಮೇಲಿನ ಮೌಂಟಿಂಗ್ ಅಥವಾ ಅದರ ಬೇರಿಂಗ್.

5. ಸ್ಟೀರಿಂಗ್ ಪೂರ್ತಿ ತಿರುಗಿಸಿಕೊಂಡು ಓಡಿಸುವಾಗ ‘ಟಕ ಟಕ ಟಕ’ ಅಂತ ಚಕ್ರದ ಜೊತೆ ಲಯದಲ್ಲಿ ಬಂದರೆ ಅದು ಸಸ್ಪೆನ್ಷನ್ನೇ ಅಲ್ಲ, ಡ್ರೈವ್ ಶಾಫ್ಟಿನ ಜಾಯಿಂಟು.

ಮೆಕ್ಯಾನಿಕ್ ಮಾಡುವ ಪರೀಕ್ಷೆಯೂ ನಿಮಗೆ ಗೊತ್ತಿರಲಿ. ಚಕ್ರ ನೆಲ ಬಿಟ್ಟ ಮೇಲೆ ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಆಟ ಕಂಡರೆ ಬಾಲ್ ಜಾಯಿಂಟೋ ವೀಲ್ ಬೇರಿಂಗೋ. ಯಾರಾದರೂ ಬ್ರೇಕ್ ಒತ್ತಿ ಹಿಡಿದಾಗ ಆಟ ಮಾಯವಾದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್ ಕಡೆ ನೋಡಬೇಕು. 9 ಮತ್ತು 3ರ ಜಾಗದಲ್ಲಿ ಆಟ ಇದ್ದರೆ ಟೈ ರಾಡು ಅಥವಾ ಸ್ಟೀರಿಂಗ್ ರ್ಯಾಕ್. ಲಿಂಕ್ ರಾಡನ್ನು ಮಾತ್ರ ಒಂದೇ ಬದಿ ಜಾಕಿ ಕೊಟ್ಟು ನೋಡಬಾರದು. ಬಾರ್ ತಿರುಚಿ ಲಿಂಕನ್ನು ಎಳೆದು ಹಿಡಿಯುತ್ತದೆ, ಆಟ ಅಡಗಿಬಿಡುತ್ತದೆ. ಎರಡೂ ಚಕ್ರ ನೆಲದಲ್ಲಿರಬೇಕು, ಇಲ್ಲಾ ಎರಡೂ ಮೇಲಿರಬೇಕು. ಇನ್ನು, ರಬ್ಬರು ಬುಷ್ಷಿಗೆ ಟಾಮಿ ಹಾಕಿ ಮೀಟಿದರೆ ಸ್ವಲ್ಪ ಅಲ್ಲಾಡಿಯೇ ಅಲ್ಲಾಡುತ್ತದೆ, ರಬ್ಬರು ಇರುವುದೇ ಅದಕ್ಕೆ. ಅಷ್ಟಕ್ಕೇ “ಹೋಗಿದೆ” ಅಂದರೆ ಒಪ್ಪಬೇಡಿ. ಹರಿದಿದೆಯಾ, ಲೋಹಕ್ಕೆ ಲೋಹ ತಾಗುತ್ತಿದೆಯಾ ಕೇಳಿ. ಆರ್ಮಿಗೆ ಹೊಸ ಬುಷ್ ಹಾಕಿದರೆ ಬೋಲ್ಟಿನ ಕೊನೆಯ ಬಿಗಿತ ಕಾರು ಚಕ್ರದ ಮೇಲೆ ನಿಂತಾಗಲೇ ಆಗಬೇಕು. ಚಕ್ರ ನೇತಾಡುವಾಗ ಬಿಗಿದರೆ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ದಯವಿಟ್ಟು ಒಂದು ಮಾತು. ಬರೀ ಜಾಕಿಯನ್ನೋ ಮುರಕಲ್ಲನ್ನೋ ನಂಬಿ ಕಾರಿನ ಕೆಳಗೆ ನುಗ್ಗಬೇಡಿ. ಮುರಕಲ್ಲು ಮನೆ ಕಟ್ಟಲು ಸರಿ, ಕಾರು ಹೊರಲು ಅಲ್ಲ. ಪುಡಿಯಾಗಲು ಒಂದು ಕ್ಷಣ ಸಾಕು.

ಈಗ ಮೂರನೆಯ ಕಾಲಮ್ಮಿಗೆ ಬರೋಣ. ಇದು ನನ್ನ ಹುಚ್ಚು ಕಲ್ಪನೆ ಏನಲ್ಲ. ಬ್ರಿಟನ್ನಿನಲ್ಲಿ 1960ರಿಂದ ಎಂಒಟಿ ಅಂತ ಒಂದು ಪರೀಕ್ಷೆ ಇದೆ. ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಅಲ್ಲಿನ ಹೆಚ್ಚಿನ ಕಡೆ ಪ್ರತಿ ವರ್ಷ ಮಾಡಿಸಲೇಬೇಕು. ಸಸ್ಪೆನ್ಷನ್ನಿನ ಕೀಲು, ಬುಷ್ಷುಗಳನ್ನು ಅಲ್ಲಾಡಿಸಿ ನೋಡುವುದು ಅದರ ಭಾಗ. ಅದಕ್ಕೆ ಫೀಸು ಇದೆ, ಸುಮಾರು 55 ಪೌಂಡಿಗಿಂತ ಹೆಚ್ಚು ಕೇಳುವಂತಿಲ್ಲ. ಯಾವ ಸಾಮಾನೂ ಹಾಕದಿದ್ದರೂ ಫೀಸು ಫೀಸೇ. ನಮ್ಮಲ್ಲಿ ಖಾಸಗಿ ಕಾರಿಗೆ ನೋಂದಣಿಯಾದ ಮೇಲೆ 15 ವರ್ಷ, ರಿನ್ಯೂವಲ್ ಆಗುವ ತನಕ, ಅಡಿಗೆ ಬಗ್ಗಿ ನೋಡಬೇಕೆಂಬ ಸರಕಾರಿ ಕಡ್ಡಾಯ ಇಲ್ಲ. ಸರಕಾರ ನೋಡಲಿ ಅಂತ ನಾನು ಕಾಯುವುದಿಲ್ಲ. ನಾವೇ ಶುರು ಮಾಡಬಹುದು.

ಗ್ಯಾರೇಜಿಗೆ ಹೋದಾಗ ಹೀಗೆ ಹೇಳಿ ನೋಡಿ: “ಮೊದಲು ಹುಡುಕಿ. ಹುಡುಕಿದ್ದಕ್ಕೆ 300 ಆಗ್ಲಿ 500 ಆಗ್ಲಿ ಬೇರೆ ಕೊಡ್ತೇನೆ, ರಿಪೇರಿ ಆಮೇಲೆ ಮಾತಾಡುವ.” ಚೀಟಿ ಬರೆದವರಿಗೆ ಎರಡೇ ಪ್ರಶ್ನೆ. ಸದ್ದು ಮಾಡ್ತಾ ಇರುವುದು ಯಾವುದು? ಹೇಗೆ ಗೊತ್ತಾಯ್ತು, ನನಗೂ ತೋರಿಸಿ. ಬದಲಾಯಿಸಿದ ಹಳೇ ಸಾಮಾನು ವಾಪಸು ಕೇಳಿ, ಕೈಯಲ್ಲಿ ಹಿಡಿದು ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಅದೇ ರಸ್ತೆಯಲ್ಲಿ ಓಡಿಸಿ ನೋಡಿ. ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನಗಳೂ ಇವೆ. ಹಕ್ಕಿನ ಜೊತೆ ಒಂದು ಬಾಧ್ಯತೆಯೂ ಇದೆ ಅಂತ ನನ್ನ ವಾದ. ರಿಪೇರಿ ಮಾಡುವ ತಲೆಗೆ ಬೆಲೆ ಕೊಡುವ ಬಾಧ್ಯತೆ.

ನ್ಯಾಯವಾಗಿ ಇನ್ನೊಂದು ಕಡೆಯದ್ದೂ ಹೇಳಬೇಕು. ಜೊತೆಯಾಗಿ ಬದಲಾಯಿಸುವುದು ಯಾವಾಗಲೂ ಮೋಸ ಅಲ್ಲ. ಒಂದು ಬದಿಯ ಸ್ಟ್ರಟ್ ಸತ್ತಿದ್ದರೆ ಎರಡೂ ಹಾಕುವುದೇ ಸರಿ, ಇಲ್ಲದಿದ್ದರೆ ಬ್ರೇಕ್ ಹಾಕುವಾಗ ಎರಡು ಬದಿ ಎರಡು ಥರ. ಕೆಲವು ಕಾರುಗಳಿಗೆ ಬುಷ್ ಬಿಡಿಯಾಗಿ ಸಿಗುವುದಿಲ್ಲ, ಆರ್ಮ್ ಪೂರ್ತಿಯೇ ತರಬೇಕು. ಬೆಂಗಳೂರಿನಲ್ಲಿ ಗಂಟೆಯ ಕೂಲಿ ದುಬಾರಿ, ಬಿಚ್ಚಿದ ಮೇಲೆ ಪಕ್ಕದ್ದನ್ನೂ ಹಾಕಿಬಿಡುವುದು ಲಾಭವೇ ಇರಬಹುದು. ಇವೆಲ್ಲ ಸರಿ. ಆದರೆ ಇವು ಹುಡುಕಿದ ಮೇಲೆ ತೆಗೆದುಕೊಳ್ಳುವ ತೀರ್ಮಾನಗಳು, ಹುಡುಕುವ ಬದಲಿಗೆ ಅಲ್ಲ.

ನಿಟ್ಟೆ, ಮಣಿಪಾಲ, ಸುರತ್ಕಲ್ ಅಂತ ನಮ್ಮ ಸುತ್ತ ಇಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಐಟಿಐಗಳಲ್ಲಿ ಎರಡು ವರ್ಷದ ಮೋಟಾರ್ ಮೆಕ್ಯಾನಿಕ್ ಕೋರ್ಸ್ ಇದೆ. ಪುಸ್ತಕದ ವಿದ್ಯೆ ಅಲ್ಲೆಲ್ಲ ಸಿಗುತ್ತದೆ. “ಎಲ್ಲಿಂದ ಅಂತ ಹೇಳ್ಬೇಡಿ, ಯಾವಾಗ ಅಂತ ಹೇಳಿ” ಎಂಬ ವಿದ್ಯೆ ಒಬ್ಬರ ಜೊತೆ ಹತ್ತು ವರ್ಷ ನೆಲದಲ್ಲಿ ಮಲಗಿದರೆ ಬರುವಂಥದ್ದು. ಆ ಶೀಟಿನ ಮಾಡಿನ ಕೆಳಗೆ ಈಗ ಕಲಿಯುವ ಹುಡುಗರಿಲ್ಲ. ಯಾಕಿರಬೇಕು ಹೇಳಿ? ಸಾಮಾನು ಬದಲಾಯಿಸುವ ಕೆಲಸಕ್ಕೆ ತಿಂಗಳಿಗೆ ಸಂಬಳ ಇದೆ, ಹುಡುಕುವ ಕೆಲಸಕ್ಕೆ “ಎಂಥ ದುಡ್ಡು ಮಾಸ್ಟ್ರೇ” ಎಂಬ ನಗು ಇದೆ.

ನಿಮ್ಮೂರಲ್ಲೂ ಇಂಥ ಕಿವಿ ಇರುವ ಮೆಕ್ಯಾನಿಕ್ ಒಬ್ಬರು ಇದ್ದೇ ಇರುತ್ತಾರೆ. ನಿಮ್ಮ ಕಾರಿನ, ಬೈಕಿನ, ಪಂಪ್‌ಸೆಟ್ಟಿನ ಯಾವ ಸದ್ದನ್ನು ಅವರು ಹೇಗೆ ಹಿಡಿದರು, ಬರೆಯಿರಿ. ಕಾಮೆಂಟಿನಲ್ಲಿ ಹಿಡಿಸದಿದ್ದರೆ ನಿಮ್ಮ ಬ್ಲಾಗಿನಲ್ಲೇ ಬರೆದು ಲಿಂಕ್ ಕೊಡಿ. ಮುಂದಿನ ಸಲ ಅವರ ಹತ್ತಿರ ಹೋದಾಗ, ಅವರು ಬೇಡ ಅಂದರೂ, ಹುಡುಕಿದ್ದಕ್ಕೆ ಅಂತ ಬೇರೆಯಾಗಿ ಎಣಿಸಿ ಕೈಯಲ್ಲಿಡಿ.